ಬಿದ್ದವಳ ಜಾಗ

"ಕೈ ಸ್ವಲ್ಪ ಒಳಗೆ ತಗೊಳ್ಳಿ ಡಾಕ್ಟ್ರೇ. ನಿಮ್ಮ ತಾಯಿ ಕೈ ಅಷ್ಟು ಚಾಚಿರಲಿಲ್ಲ."

ಅವನು ಕೈ ಒಳಗೆಳೆದುಕೊಂಡ. ಮೆಟ್ಟಿಲ ಬುಡದ ನೆಲ ತಣ್ಣಗಿತ್ತು. ಫಿನಾಯಿಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬನ್ನಿ ಎಂದಿದ್ದವರೂ ಈ ವಕೀಲೆಯೇ, ಆ ಅಂಗಿಯಲ್ಲೇ ನೆಲಕ್ಕೆ ಮಲಗಿಸಿದವರೂ ಅವರೇ.

"ತಲೆ ಗೋಡೆ ಕಡೆ. ಹಾಂ. ಈಗ ಸತ್ತ ಹಾಗಿರಿ."

ಅದೇನೂ ಕಷ್ಟವಾಗಲಿಲ್ಲ.

ತಾಲೀಮಿಲ್ಲದೆ ವಾದಕ್ಕೆ ನಿಲ್ಲುವುದಿಲ್ಲ ಎಂಬುದು ವಕೀಲೆಯ ಹೆಗ್ಗಳಿಕೆ. ಪ್ರತಿ ಮೇಲ್ಮನವಿಗೂ ಮುಂಚೆ ಕೊಲೆಯನ್ನೊಮ್ಮೆ ಆಡಿಸಿ ನೋಡುತ್ತಿದ್ದರು. ಅವರ ಆಫೀಸಿರುವ ಕಟ್ಟಡದ ಮೆಟ್ಟಿಲೂ ಅಮ್ಮ ಬಿದ್ದು ಸತ್ತ ಬಾಡಿಗೆ ಮನೆಯ ಮೆಟ್ಟಿಲೂ ಒಂದೇ ಅಳತೆಯವು, ತಿರುವೂ ಒಂದೇ ಕಡೆಗೆ. ಅದು ಗೊತ್ತಾದ ದಿನ ಲಾಟರಿ ಹೊಡೆದವರ ಹಾಗೆ ಫೋನು ಮಾಡಿದ್ದರು.

ಅಮ್ಮ ಸತ್ತಾಗ ಅವನಿಗೆ ಒಂಬತ್ತು ವರ್ಷ. ಜಾರಿ ಬಿದ್ದಳು ಎಂದು ಎಲ್ಲರೂ ಹೇಳಿದರು, ಪೊಲೀಸರೂ ಹಾಗೆಂದೇ ಬರೆದುಕೊಂಡರು. ಅಪ್ಪ ಅವನನ್ನು ಹಾಸ್ಟೆಲಿಗೆ ಸೇರಿಸಿದ. ಅಪ್ಪ ಮಗನ ನಡುವೆ ಮುಂದೆ ಉಳಿದದ್ದು ಮರ್ಯಾದೆಯ ಮಾತುಕತೆ ಮಾತ್ರ. ಇಪ್ಪತ್ತು ವರ್ಷ ಕಳೆದ ಮೇಲೆ, ಹಳೆಯ ಸಾವುಗಳ ಧೂಳು ಕೊಡವಲೆಂದೇ ನೇಮಕವಾದ ಅಧಿಕಾರಿಯೊಬ್ಬನ ಕೈಗೆ ಇದೂ ಸಿಕ್ಕಿತು. ಆ ಸಂಜೆ ಜಗಳ ಕೇಳಿಸಿದ್ದು ಎದುರು ಮನೆಯಾಕೆಗೆ ನೆನಪಾಯಿತು. ಅಪ್ಪನೇ ತಳ್ಳಿದ್ದು ಎಂದು ಕೆಳಕೋರ್ಟು ಹೇಳಿತು. ಜೀವಾವಧಿ. ಈಗ ಮೇಲ್ಮನವಿ. ಅದು ಮುಗಿಯುವವರೆಗೆ ಜಾಮೀನು ಕೊಡಬೇಕೋ ಬೇಡವೋ ಎಂಬುದು ಇವತ್ತು ಮಧ್ಯಾಹ್ನ ತೀರ್ಮಾನವಾಗಬೇಕು.

ಸಿಕ್ಕರೆ ಅಪ್ಪ ಇರಬೇಕಾದದ್ದು ಅವನ ಮನೆಯಲ್ಲಿ. ಅಪ್ಪನ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟಾಗಿತ್ತು. ಚಿಕ್ಕಪ್ಪನದು ಒಂದೇ ಕೋಣೆ, ಅದರ ಮಾಲೀಕ ಒಪ್ಪಲಿಲ್ಲ. ನ್ಯಾಯಾಧೀಶರು ಕೇಳಿದಾಗ ಮಗ ಎದ್ದು ನಿಂತು 'ಇಟ್ಟುಕೊಳ್ಳುತ್ತೇನೆ' ಎನ್ನಬೇಕು. ಅಷ್ಟೇ. ಕಂಡವರ ಹಲ್ಲು ಕೊರೆಯುತ್ತ ಅವನು ವಾರದಿಂದ ಆ ಒಂದು ಮಾತನ್ನು ಬಾಯೊಳಗೇ ಹೊರಳಿಸುತ್ತಿದ್ದ.

ಮೇಲಿನ ಮಹಡಿಯ ವಿಮಾ ಏಜೆಂಟ್ ಇಳಿದು ಬಂದ.

"ಏನ್ ಸಾರ್, ಬಿದ್ರಾ?"

"ಇಲ್ಲ, ಸುಮ್ನೆ."

"ಪಾಲಿಸಿ ಇದೆ ತಾನೆ?" ಎಂದು ನಗುತ್ತ ಅವನನ್ನು ದಾಟಿಕೊಂಡು ಹೋದ.

ಮೇಲೆ ಅಪ್ಪನ ಜಾಗದಲ್ಲಿ ವಕೀಲೆಯ ಜೂನಿಯರ್ ನಿಂತಿದ್ದರು. ಐವತ್ತು ದಾಟಿದ, ಬಕ್ಕ ತಲೆಯ ಜೂನಿಯರ್. ಕಡಲೆಕಾಯಿ ತಿನ್ನುತ್ತಿದ್ದರು. ಕೆಳಗಿನಿಂದ ನೋಡಿದರೆ ಕಾಣುತ್ತಿದ್ದುದು ಅವರ ಮೂಗಿನ ಹೊಳ್ಳೆ ಎರಡೇ. ಅಮ್ಮ ಕಟ್ಟಕಡೆಗೆ ನೋಡಿದ್ದೂ ಇಂಥದ್ದನ್ನೇ ಇರಬಹುದು ಅನ್ನಿಸಿತು. ಈಗ ದುಃಖ ಬರಬಹುದೆಂದು ಕಾದ. ಬೆನ್ನು ತುರಿಸಿತು.

"ಉಹೂಂ, ಇವರು ತುಂಬಾ ದಪ್ಪ," ಎಂದರು ವಕೀಲೆ. "ಡಾಕ್ಟ್ರೇ, ನೀವೇ ಮೇಲೆ ಬನ್ನಿ. ನೀವು ನಿಮ್ಮ ತಂದೆ. ಚಿಕ್ಕಪ್ಪನವರೇ, ನೀವು ಅತ್ತಿಗೆ. ಹಿಂದಿನಿಂದ ತಳ್ಳಿದ್ರೆ ತಲೆ ಆ ಗೋಡೆಗೆ ಹೋಗಲ್ಲ ಅಂತ ನಾನು ತೋರಿಸಬೇಕು."

ಕೆಳಗೆ ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ಉತ್ಸಾಹದಿಂದ ಹತ್ತಿ ಬಂದ. ಮದುವೆ ಮನೆಯಾದರೂ ಸಾವಿನ ಮನೆಯಾದರೂ ಓಡಾಡಿಕೊಂಡಿರುವ ಜೀವ. ಅಣ್ಣನ ಕೇಸಿಗಾಗಿ ಚಪ್ಪಲಿ ಸವೆಸಿದವನು ಇವನೊಬ್ಬನೇ. ಅತ್ತಿಗೆ ಸತ್ತ ದಿನ ತಾನು ಬೇರೆ ಊರಿನಲ್ಲಿದ್ದೆನೆಂದು ಕೋರ್ಟಿನಲ್ಲಿ ಹೇಳಿದ್ದ.

"ಸ್ಕೂಲ್ ನಾಟಕದಲ್ಲೂ ನಂಗೆ ಹೆಣ್ಣು ಪಾರ್ಟೇ ಕೊಡ್ತಿದ್ರು," ಎಂದು ಸೊಂಟದ ಮೇಲೆ ಕೈಯಿಟ್ಟು ಬೆನ್ನು ತಿರುಗಿಸಿ ನಿಂತ. ಜೂನಿಯರ್ ಕೆಮ್ಮುವಷ್ಟು ನಕ್ಕರು.

"ತಳ್ಳಬೇಡಿ ಮತ್ತೆ. ಕೈ ಇಡಿ ಸಾಕು."

ಅವನು ಚಿಕ್ಕಪ್ಪನ ಬೆನ್ನ ಮೇಲೆ ಬಲಗೈ ಇಟ್ಟ. ಅಂಗಿ ಬೆಚ್ಚಗಿತ್ತು.

"ಆ ಕೈ ಅಲ್ಲ ಕಣೋ, ಎಡಗೈ," ಎಂದ ಚಿಕ್ಕಪ್ಪ ತಿರುಗದೆಯೇ. "ಬಲಗೈಲಿ ಟಾರ್ಚ್ ಇತ್ತಲ್ಲ."

ಜೂನಿಯರ್ ಅಗಿಯುವುದನ್ನು ನಿಲ್ಲಿಸಿದರು.

ಕೆಳಕೋರ್ಟಿನ ಇಡೀ ವಿಚಾರಣೆಯಲ್ಲಿ ಟಾರ್ಚಿನ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅಪ್ಪ ಮೆಟ್ಟಿಲ ಹತ್ತಿರವೇ ಇರಲಿಲ್ಲ, ಹಿತ್ತಲಲ್ಲಿದ್ದ ಎಂಬುದೇ ಇವರ ವಾದವಾಗಿತ್ತು.

"ಯಾರು ಹೇಳಿದ್ದು?" ಎಂದು ಅವನು ಕೇಳಿದ.

"ಏನು?"

"ಟಾರ್ಚು."

"ಯಾವ ಟಾರ್ಚು?" ಚಿಕ್ಕಪ್ಪ ತಿರುಗಿದ. ನಗು ಮುಖದ ಮೇಲೇ ಇತ್ತು, ತೆಗೆಯಲು ಮರೆತವನ ಹಾಗೆ. "ಪಾರ್ಟು ಮಾಡೋವಾಗ ಬಾಯಿಗೆ ಏನೋ ಬರುತ್ತಪ್ಪ."

ಅವನು ವಕೀಲೆಯ ಕಡೆ ನೋಡಿದ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

"ನಂಗೇನೂ ಕೇಳಿಸಲಿಲ್ಲ," ಎಂದರು ಹಗುರವಾಗಿ. "ಕಾಫಿ ತರಿಸಲಾ?"

ಎಲ್ಲರೂ ಕಾಫಿ ಕುಡಿದರು. ತನ್ನದಕ್ಕೆ ಸಕ್ಕರೆ ಕಡಿಮೆ ಇರಲಿ ಎಂದು ಅವನು ಹೇಳಿದ್ದ. ಹಾಗೆಯೇ ಬಂತು.

ಮಧ್ಯಾಹ್ನ ವಕೀಲೆ ಅದ್ಭುತವಾಗಿ ವಾದಿಸಿದರು. ಮೆಟ್ಟಿಲು, ತಿರುವು, ಗೋಡೆ ಎಲ್ಲವೂ ಅವರ ಬೆರಳ ತುದಿಯಲ್ಲಿ ಕುಣಿದವು. ಸರ್ಕಾರಿ ವಕೀಲ ಎರಡು ಸಲ ಎದ್ದು ಮೂರು ಸಲ ಕೂತವನಂತೆ ಕಂಡ. ಕಟಕಟೆಯಲ್ಲಿ ಅಪ್ಪ ನುಣ್ಣಗೆ ಗಡ್ಡ ಕೆರೆದುಕೊಂಡು, ಬೇರೆ ಯಾರದೋ ಮಗುವಿನ ಬಹುಮಾನ ವಿತರಣೆಗೆ ಬಂದವನಂತೆ ನಿಂತಿದ್ದ. ಚಿಕ್ಕಪ್ಪ ಬೆಂಚಿನ ಆ ತುದಿಯಲ್ಲಿ ಕೂತ, ಅವನು ಈ ತುದಿಯಲ್ಲಿ.

"ಮಗ ಬಂದಿದಾರಾ?" ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಹುಡುಕಿದರು.

ಅವನು ಎದ್ದ.

"ತಂದೇನ ಮನೇಲಿ ಇಟ್ಕೊಳ್ತೀರಾ?"

ಅಪ್ಪ ತಿರುಗಿ ನೋಡಿದ. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಹೆದರಿಕೆಯಿರಲಿಲ್ಲ. ಬಸ್ಸು ಬಂತಾ ಎಂದು ನೋಡುವವರ ನೋಟ. ಟಾರ್ಚು ಹೊತ್ತಿತ್ತೋ ಆರಿತ್ತೋ ಎಂಬ ಪ್ರಶ್ನೆಯೊಂದು ಅಸಂಬದ್ಧವಾಗಿ ಅವನ ತಲೆಗೆ ಬಂತು. ಇಲ್ಲವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೂಂ ಎನ್ನಲು ಕಾರಣವೇ ಬೇಕಿರಲಿಲ್ಲ.

"ಇಟ್ಟುಕೊಳ್ಳುತ್ತೇನೆ," ಎಂದ. ನೋವಾಗುವುದಿಲ್ಲ ಎಂದು ರೋಗಿಗಳಿಗೆ ಹೇಳುವ ಅದೇ ದನಿಯಲ್ಲಿ.

ಹೊರಗೆ ವಕೀಲೆ ಅವನ ಕೈ ಕುಲುಕಿದರು. "ಜಾಮೀನು ಸಿಕ್ತಲ್ಲ, ಇವತ್ತು ಸಂಜೆಯೇ ಬಿಟ್ರೂ ಬಿಡಬಹುದು. ನಿಮ್ಮ ಚಿಕ್ಕಪ್ಪ ಆಗ್ಲೇ ಜೈಲಿನ ಗೇಟಿಗೆ ಓಡಿದ್ರು. ಅಂದ ಹಾಗೆ ಡಾಕ್ಟ್ರೇ, ಈ ಕಡೆ ದವಡೆ ಹಲ್ಲು ಜುಮ್ಮನ್ನುತ್ತೆ, ಯಾವಾಗ ಬರ್ಲಿ?"

"ಯಾವಾಗ ಬೇಕಾದ್ರೂ ಬನ್ನಿ."

ಮನೆಯಲ್ಲಿ ಹೆಂಡತಿ ಇಸ್ತ್ರಿ ಕೋಣೆಯನ್ನು ಖಾಲಿ ಮಾಡಿಟ್ಟಿದ್ದಳು. ಸಿಕ್ಕಿತಾ ಎಂದು ಕೇಳಲಿಲ್ಲ. ಅವನ ಮುಖ ನೋಡಿ ಪೊರಕೆ ಮೂಲೆಗಿಟ್ಟಳು.

"ಮಂಚ ಹಾಕೋಣ್ವಾ?"

ಹಳೆಯ ಮರದ ಮಂಚ, ಆನೆಭಾರ. ಮಗ್ಗುಲಾಗಿಸಿ, ಅವನು ಮುಂದೆ ಎಳೆಯುತ್ತ ಕೋಣೆಯೊಳಗೆ ಹೋದ, ಅವಳು ಹಿಂದಿನಿಂದ ನೂಕಿದಳು. ಅರ್ಧ ಒಳಗೆ ಬಂದು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ.

"ರೀ," ಎಂದಳು ಹಲಗೆಗಳ ಆಚೆಯಿಂದ. "ಅವರು ಮಾಡಿಲ್ಲ ಅಲ್ವಾ?"

"ಆ ಕಡೆ ಸ್ವಲ್ಪ ಎತ್ತು."

"ಎತ್ತಿದೀನಿ. ಕೇಳಿದ್ದಕ್ಕೆ ಹೇಳಿ."

"ಓರೆ ಮಾಡು. ಇನ್ನೂ ಸ್ವಲ್ಪ."

ಅವಳು ಇನ್ನೊಮ್ಮೆ ನೂಕಿ ನೋಡಿದಳು. ಆಮೇಲೆ ನಗುವುದು ಕೇಳಿಸಿತು. "ಚೆನ್ನಾಗಿದೆ. ಅವರು ಹೊರಗೆ ಬರೋ ಹೊತ್ತಿಗೆ ನೀವು ಒಳಗೆ."

ಅವನಿಗೂ ನಗು ಬಂತು. ಇಬ್ಬರೂ ಬಹಳ ದಿನಗಳ ಮೇಲೆ ಒಟ್ಟಿಗೆ ನಕ್ಕರು, ನಡುವೆ ಮಂಚ.

ಕರೆಗಂಟೆ ಸದ್ದಾಯಿತು.

ಅವಳ ನಗು ಅರ್ಧಕ್ಕೇ ನಿಂತಿತು. ಹೆಜ್ಜೆ ದೂರವಾಯಿತು. ಚಿಲಕ ತೆಗೆದ ಸದ್ದು, ಚಪ್ಪಲಿ ಬಿಟ್ಟ ಸದ್ದು, ಚಿಕ್ಕಪ್ಪನ ಜೋರು ಮಾತು, ಲೋಟಕ್ಕೆ ನೀರು ಬಗ್ಗಿಸಿದ ಸದ್ದು. ಅವನು ಇಣುಕಲು ನೋಡಿದ. ಹಲಗೆಗಳ ಸಂದಿಯಲ್ಲಿ ಗೋಡೆಯ ಬಿಳಿ ಬಿಟ್ಟರೆ ಏನೂ ಕಾಣಲಿಲ್ಲ. ಹೆಂಡತಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಯಾರೋ "ಬಿಡಮ್ಮ, ನಾನು ನೋಡ್ತೀನಿ," ಎಂದರು.

ಮಂಚ ಅಲುಗಿತು. ಚೌಕಟ್ಟಿನ ಬಣ್ಣ ಕೆತ್ತಿ ಉದುರಿತು. ಇದು ಹೆಂಡತಿಯ ಬಲವಲ್ಲ. ಮಂಚ ಒಮ್ಮೆ ಕಿರುಗುಟ್ಟಿ, ಬಿಡಿಸಿಕೊಂಡು, ಸರಾಗವಾಗಿ ಒಳಗೆ ಬರತೊಡಗಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು. ಬೆನ್ನಿಗೆ ಗೋಡೆ ತಾಗಿತು.

"ಬಂತಾ ಮಗು?" ಆಚೆಯಿಂದ ಅಪ್ಪನ ದನಿ, ಅಕ್ಕರೆಯಿಂದ. "ಇನ್ನೂ ಸ್ವಲ್ಪ ತಳ್ಳಲಾ?"

ಅವನು ಸಾಕು ಎನ್ನಲಿಲ್ಲ. ಮಂಚ ಬರುತ್ತಲೇ ಇತ್ತು.