ಕೌದಿಯ ನಾಲ್ಕನೆಯ ಮೂಲೆ

"ಏ, ಮೊದಲ ಒಂದಾಣೆ ತೆಗಿ! ಪುಗಸಟ್ಟೆ ನೋಡಾಕ ಇದೇನ್ ನಿಮ್ಮಪ್ಪನ ಮನಿ ಏನು?"

ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ರಾಮಪ್ಪ, ಮೌಲಾಬಿಯ ಎದೆಗೆ ಅಡ್ಡಲಾಗಿ ಕೋಲು ಹಿಡಿದ. ಒಳಗೆ, ದುರ್ಗದಬೈಲಿನ ಆ ಪತ್ರಿಕಾ ಕಚೇರಿಯ ನಡುವೆ, ಹಗ್ಗದ ಮೇಲೆ ಒಂದು ಕೌದಿ ಜೋತುಬಿದ್ದಿತ್ತು. ಅವಳೇ ಹೊಲಿದ ಕೌದಿ. ಹದಿನಾಲ್ಕು ದಿನದ ಹಿಂದೆ ಹತ್ತಿ ಗಿರಣಿಯ ಮುಂದೆ, ಬೇವಿನ ನೆರಳಲ್ಲಿ, ಏಳು ವರ್ಷದ ಮಗಳು ಅಬೀದಾ ಹೊದ್ದು ಮಲಗಿದ್ದ ಕೌದಿ. ಮಧ್ಯಾಹ್ನದ ಸೀಟಿ ಊದಿ ತಾಯಿ ಹೊರಗೆ ಬಂದಾಗ ಕೂಸೂ ಇರಲಿಲ್ಲ, ಕೌದಿಯೂ ಇರಲಿಲ್ಲ.

"ಯಪ್ಪಾ, ನಾ ಆ ಕೂಸಿನ ತಾಯಿ."

"ತಾಯಿ ಆದ್ರ ಎರಡಾಣೆ ಕೊಡು. ಪೇಪರಿನವರು ನಿನಗ ಹತ್ತು ರೂಪಾಯಿ ಕೊಟ್ಟಾರಲ್ಲ!"

ಸಾಲಿನಲ್ಲಿ ನಿಂತವರು ನಕ್ಕರು. ಮೌಲಾಬಿಯ ಜೊತೆ ಗಿರಣಿಯಲ್ಲಿ ಹತ್ತಿ ಆರಿಸುವ ಗುಡ್ಡವ್ವ ಸೆರಗಿನ ಗಂಟು ಬಿಚ್ಚಿ ಎರಡಾಣೆಯನ್ನು ರಾಮಪ್ಪನ ತೊಡೆಯ ಮೇಲೆ ಒಗೆದಳು. "ತಗೊ ಭಾಡ್ಯಾ, ನಿನ್ನ ಹೆಣದ ಮ್ಯಾಲ ಹಾಕ್ಕೊ."

ಕೌದಿ ಸಿಕ್ಕಿದ್ದು ಹತ್ತಿ ವ್ಯಾಪಾರದ ಸಾವಕಾರ ಸಿದ್ದಪ್ಪನ ಮೋಟಾರಿನಲ್ಲಿ, ಹಿಂದಿನ ಸೀಟಿನ ಕೆಳಗೆ. ರಿಪೇರಿ ಮಾಡುತ್ತಿದ್ದ ಮಕಬೂಲಸಾಬ ಅದನ್ನು ಪೊಲೀಸ್ ಚೌಕಿಗೆ ಒಯ್ದುಕೊಟ್ಟ. ಅವನೇ ತಂದು ಇಟ್ಟಿರಬೇಕೆಂದು ಅವನನ್ನೇ ಒಳಗೆ ಹಾಕಿದರು. ಕೌದಿ ಮಾತ್ರ ಹೊರಗೆ ಬಂತು. ಪತ್ರಿಕೆಯ ಸಂಪಾದಕ ಶಾಂತಯ್ಯ ಚೌಕಿಯ ಫೌಜದಾರನ ಕೈ ಬೆಚ್ಚಗೆ ಮಾಡಿ ಮೂರು ದಿನಕ್ಕೆಂದು ತಂದು, 'ಸಾರ್ವಜನಿಕರು ಗುರುತು ಹಿಡಿಯಲಿ' ಎಂದು ಬೋರ್ಡು ಬರೆಸಿ ತೂಗುಹಾಕಿದ್ದ. ಅವನ ಪತ್ರಿಕೆಯ ಹಿಂದಿನ ಪುಟ ಪ್ರತಿ ವಾರವೂ ಸಿದ್ದಪ್ಪನ ಅಂಗಡಿಯ ಜಾಹೀರಾತಿಗೇ ಮೀಸಲು.

ಫೌಜದಾರ ಮೌಲಾಬಿಗೆ ಒಂದೇ ಮಾತು ಹೇಳಿದ್ದ: "ಕೌದಿ ನಿಂದ ಅಂತ ಸಾಬೀತ ಆದ್ರ ಸಾವಕಾರರ ಗೋಪನಕೊಪ್ಪದ ತೋಟದ ಮನಿ ತೆಗಸ್ತೇನಿ. ಅವತ್ತ ಮೋಟಾರ ಹೋಗಿದ್ದು ಅಲ್ಲಿಗೇ. ಸಾಬೀತ ಆಗಲಿಲ್ಲಂದ್ರ ಸುಮ್ನ ಮನ್ಯಾಗ ಕುಂದರು."

ಒಳಗೆ ಒಂದಾಣೆ ಕೊಟ್ಟವರೆಲ್ಲ ನ್ಯಾಯಾಧೀಶರಾಗಿದ್ದರು.

"ಇಂಥಾ ಕೌದಿ ನಮ್ಮ ಮನ್ಯಾಗ ಎಂಟು ಅದಾವ," ಎಂದ ಜರತಾರಿ ರುಮಾಲಿನ ಕಾಳಿನ ವ್ಯಾಪಾರಿ. "ಹಂಗಾರ ನಾನೂ ಕೂಸು ಕದ್ದಾಂವನ ಏನು?"

"ಡ್ರೈವರ್ ಮೋಟಾರ ಒರಸಾಕ ಇಟ್ಟಿದ್ದನಂತ್ರಿ."

"ಒರಸೂ ಅರಿವಿಗೆ ಎಣ್ಣಿ ಕಲಿ ಇರಬೇಕಲ್ಲ? ಇದರಾಗ ಒಂದೂ ಇಲ್ಲ."

"ಏ ಶಾಣ್ಯಾ, ಪೇಪರ ಓದು. ತಾಯೀನ ಹೆಬ್ಬಟ್ಟ ಒತ್ಯಾಳ, ಕೌದಿ ನಂದಲ್ಲ ಅಂತ. ಕೂಸು ಮಾರಿ ಒಂದ್ಸಲ ರೊಕ್ಕಾ, ಕಥಿ ಮಾರಿ ಇನ್ನೊಂದ್ಸಲ!"

ಕೌದಿಯ ಪಕ್ಕದ ಗೋಡೆಗೆ ಆ ಪುಟ ಅಂಟಿಸಿದ್ದರು. ಮೌಲಾಬಿಗೆ ಅಕ್ಷರ ಬಾರದು. ಕೆಳಗೆ ದೊಡ್ಡದು ಮಾಡಿ ಅಚ್ಚು ಹಾಕಿದ್ದ ಹೆಬ್ಬೆಟ್ಟು ಮಾತ್ರ ಗುರುತು ಸಿಕ್ಕಿತು. ಗಿರಣಿಯ ಯಂತ್ರ ಸೀಳಿದ ಅಡ್ಡಗೆರೆ ಅದರ ನಡುವೆ ಬೆಳ್ಳಗೆ ಬಿದ್ದಿತ್ತು.

ಗಿರಣಿಯಲ್ಲಿ ಪ್ರತಿ ಶನಿವಾರ ಮೊದಲು ಹೆಬ್ಬೆಟ್ಟು, ಆಮೇಲೆ ಪಗಾರ. ಹನ್ನೊಂದು ವರ್ಷದಿಂದ ಆ ಕಾಗದದಲ್ಲಿ ಏನಿದೆಯೆಂದು ಯಾರೂ ಓದಿ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಶಾಂತಯ್ಯ ಕಮರಿಪೇಟೆಯ ಅವಳ ಗುಡಿಸಲಿಗೆ ಬಂದದ್ದೂ ಶನಿವಾರವೇ. ಅವಳು ಅತ್ತು ಹೇಳಿದ್ದನ್ನೆಲ್ಲ ಬರೆದುಕೊಂಡ. ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ನೋಟು ಹಿಡಿದ. ಅವನು ಕೇಳುವ ಮೊದಲೇ ಅವಳ ಹೆಬ್ಬೆರಳು ತಾನಾಗಿ ಮುಂದೆ ಹೋಗಿತ್ತು.

"ಇದು ನಂದ ಕೌದಿ," ಎಂದಳು ಮೌಲಾಬಿ.

ಎಲ್ಲರೂ ತಿರುಗಿದರು. ಶಾಂತಯ್ಯ ಕನ್ನಡಕ ಏರಿಸುತ್ತ ಒಳಕೋಣೆಯಿಂದ ಬಂದ. "ಏನವಾ, ಹತ್ತು ರೂಪಾಯಿ ತಿಂದು ಈಗ ಮಾತು ತಿರುಗಸಾಕತ್ತೀ?"

"ತಿಂದೇನ್ರಿ. ಟಾಂಗಾದವರಿಗೆ ತಿನಸೇನಿ. ಗದಗ, ಕುಂದಗೋಳ, ಧಾರವಾಡ, ಎಲ್ಲಾ ಕಡೆ ಪೊಲೀಸರಿಗೆ ತಿನಸೇನಿ. ನನ್ನ ಹೊಟ್ಟಿ ಸೀಳಿದ್ರ ಒಂದು ಅಗಳು ಸಿಗೂದಿಲ್ಲ. ಆ ನಾಕನೇ ಮೂಲಿ ಬಿಚ್ಚರಿ. ಅದರಾಗ ಜ್ವಾಳದ ಕಾಳು ಅದಾವ. ನನ್ನ ಮಗಳ ಮೊದಲನೇ ಹಾಲಹಲ್ಲ ಐತಿ. ನಿಮಗೂ ಹೇಳಿದ್ದೆ, ಫೌಜದಾರಗೂ ಹೇಳಿದ್ದೆ."

ಕೌದಿ ಹೊಲಿಯುವ ಹೆಂಗಸರು ಕೊನೆಯ ಮೂಲೆಯನ್ನು ಬರಿದೇ ಮುಚ್ಚುವುದಿಲ್ಲ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ನಾಲ್ಕು ಕಾಳಾದರೂ ಉಣಿಸಿ ಮುಚ್ಚುತ್ತಾರೆ. ಈ ಕೌದಿ ಹೊಲಿದು ಮುಗಿಸಿದ ದಿನ ಅಬೀದಾ ತನ್ನ ಬಿದ್ದ ಹಲ್ಲನ್ನೂ ಹಿಡಿದುಕೊಂಡು ಬಂದು, "ಇದನ್ನೂ ತಿನಸಬೇ" ಎಂದಿದ್ದಳು. ಗುಡ್ಡವ್ವ ಎದುರಿಗೇ ಕೂತು ದಾರ ಪೋಣಿಸುತ್ತಿದ್ದಳು.

"ಇದು ಮುದ್ದೆಮಾಲು. ಕೋರ್ಟಿಗೆ ಹೋಗೂದು," ಎಂದ ಶಾಂತಯ್ಯ. "ಮುಟ್ಟಿದ್ರ ಜೇಲು."

"ಒಂದಾಣೆ ಕೊಟ್ಟ ಸೂಳಿಮಕ್ಕಳೆಲ್ಲ ಜಗ್ಗಿ ಜಗ್ಗಿ ನೋಡಾಕತ್ತಾರ," ಗುಡ್ಡವ್ವ ಕೂಗಿದಳು. "ಅವರಿಗಿಲ್ಲದ ಕಾಯ್ದೆ ಹಡದಾಕಿಗೆ ಏನಲೇ?"

ಮೌಲಾಬಿ ಹಗ್ಗದಿಂದ ಕೌದಿಯನ್ನು ಎಳೆದು, ಮೂಲೆಯ ದಾರಕ್ಕೆ ಹಲ್ಲು ಹಾಕಿ ಕಚ್ಚಿ ಹರಿದಳು. ಐದಾರು ಜೋಳದ ಕಾಳು ನೆಲಕ್ಕೆ ಉದುರಿದವು. ಅಂಗೈಗೆ ಹಲ್ಲು ಬಿತ್ತು. ಅಕ್ಕಿ ಕಾಳಿಗಿಂತ ತುಸು ದೊಡ್ಡದು.

ಜನ ಕತ್ತು ಚಾಚಿ ಬಗ್ಗಿ ನೋಡಿದರು.

"ಹಲ್ಲಿನ ಮ್ಯಾಲ ಹೆಸರು ಬರದೈತೇನು?" ಎಂದ ಕಾಳಿನ ವ್ಯಾಪಾರಿ. ಇಬ್ಬರು ನಕ್ಕರು. ಶಾಂತಯ್ಯ ನಗಲಿಲ್ಲ, ಅವನ ಕಣ್ಣು ಹಲ್ಲಿನ ಮೇಲಿತ್ತು.

"ರಾಮಪ್ಪಾ, ಓಡು, ಫೋಟೋದವನ್ನ ಕರಕೊಂಡು ಬಾ! ನಾಳೆ ವಿಶೇಷ ಸಂಚಿಕೆ. ನೋಡವಾ, ಆ ಹಲ್ಲು ನಮ್ಮ ಕಡೆ ಇರಲಿ. ಇಪ್ಪತ್ತೈದು ಕೊಡತೇನಿ. ಇಲ್ಲೆ ಒಂದು ಹೆಬ್ಬಟ್ಟು ಒತ್ತು."

ಅವನು ತೋರಿಸಿದ ಕಾಗದದ ಮೇಲೆ ಏನೂ ಬರೆದಿರಲಿಲ್ಲ. ಪಕ್ಕದಲ್ಲೇ ಅಚ್ಚಿನ ಮಸಿ ಹರಡಿದ ಕಲ್ಲು ಇತ್ತು.

ಮೌಲಾಬಿ ಹಲ್ಲನ್ನು ಬಾಯೊಳಗೆ ಹಾಕಿಕೊಂಡು ದವಡೆಯ ಸಂದಿಗೆ ಒತ್ತಿದಳು. ಕೌದಿಯನ್ನು ಹೆಗಲಿಗೆ ಹಾಕಿದಳು. ಬಲಗೈಯನ್ನು ಪೂರ್ತಿ ಚಾಚಿ, ಐದೂ ಬೆರಳನ್ನು ಮಸಿಗಲ್ಲಿನ ಮೇಲೆ ಊರಿದಳು. ಶಾಂತಯ್ಯ ಕಾಗದ ಮುಂದೆ ಹಿಡಿದ. ಅವಳು ಕಾಗದವನ್ನೂ ಅವನನ್ನೂ ದಾಟಿ ಬೀದಿಗೆ ಇಳಿದಳು.

"ಮುದ್ದೆಮಾಲು ಕದ್ದಳೋ! ಪೊಲೀಸರಿಗೆ ಹೇಳ್ರೋ!"

ಬೈಲಿನ ಜನ ಹಿಂದೆ ಬಿದ್ದರು. "ಎಲ್ಲಿಗಬೇ?" "ಖರೇನ ಹಲ್ಲೇನು?" "ಎಷ್ಟಕ್ಕ ಕೇಳಿದ?" ಬಾಯಲ್ಲಿ ಮಗಳ ಹಲ್ಲಿತ್ತು, ಮೌಲಾಬಿ ಯಾರಿಗೂ ಉತ್ತರ ಕೊಡಲಿಲ್ಲ. ಗುಡ್ಡವ್ವ ಎಲ್ಲರಿಗೂ ಕೊಟ್ಟಳು, ಅವರವರ ತಾಯಂದಿರ ಹೆಸರು ಹಿಡಿದು. ರೈಲು ಗೇಟು ದಾಟುವ ಹೊತ್ತಿಗೆ ಅರ್ಧ ಜನ ಮಾತ್ರ ಜೊತೆಗೆ ಉಳಿದಿದ್ದರು. ಗೋಪನಕೊಪ್ಪದ ದಾರಿಗೆ ಹೊರಳಿದಾಗ ಇವರಿಬ್ಬರೇ. ದೂರದಲ್ಲಿ ಪೊಲೀಸರ ಸೀಟಿ.

ತೋಟದ ಮನೆಯ ಬಾಗಿಲಿಗೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು.

"ಯಾರಬೇ ಅದು?" ಒಳಗಿನಿಂದ ಕಾವಲಿನವ. "ಸಾವಕಾರರ ಅಪ್ಪಣಿ ಇಲ್ದ ತೆಗಿಯೂದಿಲ್ಲ. ಏನ್ ಪುರಾವೆ ಐತಿ ನಿನ್ನ ಕಡೆ?"

ಮೌಲಾಬಿ ಬಲಗೈ ಎತ್ತಿ ಬಾಗಿಲಿಗೆ ಬಡಿದಳು. ಅಚ್ಚಿನ ಮಸಿ ಎಣ್ಣೆಯದು, ಬೇಗ ಒಣಗುವುದಿಲ್ಲ. ಬಿಳಿಯ ಮೇಲೆ ಒಂದು ಕರಿಯ ಅಂಗೈ ಮೂಡಿತು. ಇನ್ನೊಂದು. ಮತ್ತೊಂದು. ಪ್ರತಿಯೊಂದರ ಹೆಬ್ಬೆಟ್ಟಿಗೂ ಅಡ್ಡಗೆರೆ.

ಒಳಗೆ ನಾಯಿ ಬೊಗಳಿತು. ಯಾರೋ ಅದರ ಬಾಯಿ ಒತ್ತಿಹಿಡಿದ ಹಾಗೆ ಥಟ್ಟನೆ ನಿಂತಿತು.

ಹಿಂದೆ ಸೀಟಿ ಹತ್ತಿರ ಬಂತು. ಗುಡ್ಡವ್ವ ದಾರಿಯ ಬದಿಯಿಂದ ಒಂದು ಕಲ್ಲು ಎತ್ತಿಕೊಂಡು ಬಂದು ಬಾಗಿಲ ಚಿಲಕದ ಎದುರಿಗೆ ನಿಂತಳು.

"ಸರಿಯಬೇ ಮೌಲಾ," ಎಂದಳು.