ಮಾವ ಎಸೆದ ಟವೆಲ್

ಬೆಳಿಗ್ಗೆ ಕ್ಷೌರ, ಸಂಜೆ ಬಾಕ್ಸಿಂಗ್ ಪಾಠ. ಹೀಗೆ ಅವನ ಬದುಕು ಎರಡು ಪಾಳಿಯಲ್ಲಿ ಸಾಗಿತ್ತು. ಗಿರಾಕಿಗಳ ಮುಖಕ್ಕೆ ನೊರೆ ಬಳಿಯುತ್ತ ಅವನು ಹೇಳುತ್ತಿದ್ದುದು ಒಂದೇ ಮಾತು: ಕಾಲು ಚುರುಕಾಗಿದ್ದು ಕೈ ಪಳಗಿದ್ದರೆ ಮೈಯ ಗಾತ್ರ ಲೆಕ್ಕಕ್ಕಿಲ್ಲ. ಕೆನ್ನೆಯ ಮೇಲೆ ಕತ್ತಿ ಇರುವಾಗ ಅಲ್ಲಗಳೆಯುವ ಧೈರ್ಯ ಯಾರಿಗಿದ್ದೀತು?

ಶಿಷ್ಯರಲ್ಲಿ ಇಬ್ಬರು ಗಟ್ಟಿಗರು. ಒಬ್ಬಳು ಅವನ ಸೊಸೆ, ಅಕ್ಕನ ಮಗಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಕಡ್ಡಿಯಂಥ ಮೈ. ಇನ್ನೊಬ್ಬಳು ಬೇಕರಿಯವಳು, ಹಿಟ್ಟಿನ ಮೂಟೆಯನ್ನು ದಿಂಬಿನ ಹಾಗೆ ಎತ್ತಿಡುವ ಆಳು. ಇಬ್ಬರೂ ಒಟ್ಟಿಗೇ ಸೇರಿ ಒಂದೇ ಪಾಠ ಕಲಿತವರು. ಯಾರ ಕೈ ಮೇಲು ಎಂದು ಅವನಿಗೂ ಹೇಳಲಾಗುತ್ತಿರಲಿಲ್ಲ. ಅಭ್ಯಾಸಕ್ಕೆಂದು ತಟ್ಟಿ ಮುಟ್ಟಿ ಆಡಿದ್ದರೇ ಹೊರತು ನಿಜವಾಗಿ ಸೆಣಸಿರಲಿಲ್ಲ.

ಅಂದು ಪುರಭವನದಲ್ಲಿ ಪ್ರದರ್ಶನ ಪಂದ್ಯಗಳಿದ್ದವು. ಇಬ್ಬರ ಎದುರಾಳಿಗಳನ್ನೂ ಕರೆತರಬೇಕಿದ್ದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಸಭಾಂಗಣ ಕಿಕ್ಕಿರಿದಿತ್ತು. ನಿಮ್ಮವರಿಬ್ಬರನ್ನೇ ಇಳಿಸಿಬಿಡಿ, ಹೇಗೂ ನಿಮಗೆ ಗಾತ್ರ ಲೆಕ್ಕಕ್ಕಿಲ್ಲವಲ್ಲ ಎಂದು ವ್ಯವಸ್ಥಾಪಕ ಕೆಣಕಿದ. ಹುಡುಗಿಯರನ್ನು ಒಂದು ಮಾತೂ ಕೇಳದೆ ಇವನು ಹೂಂ ಎಂದುಬಿಟ್ಟ. ಅವರು ಮುಖ ಮುಖ ನೋಡಿಕೊಂಡು ಕೈಗೆ ಪಟ್ಟಿ ಸುತ್ತತೊಡಗಿದರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಮಾತ್ರ ತಮ್ಮನನ್ನು ದುರುಗುಟ್ಟಿ ನೋಡಿದಳು.

ಮೊದಲ ಸುತ್ತಿನಲ್ಲಿ ಸೊಸೆ ಜಿಂಕೆಯಂತೆ ಓಡಾಡಿದಳು. ಅವಳು ಹೊಡೆದಿದ್ದನ್ನು ಇವಳು ತಡೆದಳು, ಇವಳು ಹೊಡೆದಿದ್ದನ್ನು ಅವಳು ತಪ್ಪಿಸಿದಳು. ಅವನು ಹಿಗ್ಗಿ ಹೀರೇಕಾಯಿಯಾದ.

ಎರಡನೇ ಸುತ್ತಿನಲ್ಲಿ ಬೇಕರಿಯವಳು ಮೈಮೇಲೆ ಬಿದ್ದು ಒತ್ತತೊಡಗಿದಳು. ಆ ಭಾರವನ್ನೆಲ್ಲ ಸೊಸೆಯೇ ಹೊರಬೇಕಾಯಿತು. ಬಿಡಿಸಿಕೊಂಡು ಅವಳು ಭುಜಕ್ಕೆ ಕೊಟ್ಟ ಗುದ್ದಿಗೆ ಬೇಕರಿಯವಳು ಅಲುಗಲಿಲ್ಲ. ಅದೇ ಗುದ್ದು, ಅವನೇ ಕಲಿಸಿದ್ದು, ತಿರುಗಿ ಬಂದಾಗ ಸೊಸೆ ಹಗ್ಗದವರೆಗೆ ತೂರಾಡುತ್ತ ಹೋದಳು. ಮುಖಕ್ಕೆ ಅಡ್ಡ ಹಿಡಿದ ಅವಳ ಕೈಗಳು ನಿಧಾನವಾಗಿ ಕೆಳಗಿಳಿಯುತ್ತಿದ್ದವು. ಅವನು ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಸೊಸೆಯ ಪರವಾಗಿ ಸೋಲೊಪ್ಪಿದ ಗುರುತಾಗಿ ಕಣದೊಳಕ್ಕೆ ಎಸೆದ.

ರೆಫರಿ ಪಂದ್ಯ ನಿಲ್ಲಿಸಿದ. ಜನ ಹೋ ಎಂದು ಕೂಗಿದರು, ಯಾರೋ ಸಿಳ್ಳೆ ಹಾಕಿದರು. ಅವನ ಕಿವಿಗೆ ಅದು ಬೀಳಲೇ ಇಲ್ಲ. ಸೊಸೆ ಮುನಿಸಿಕೊಳ್ಳುತ್ತಾಳೆ, ಅವಮಾನ ಮಾಡಿದಿರಿ ಎನ್ನುತ್ತಾಳೆ ಎಂದುಕೊಳ್ಳುತ್ತಲೇ ಸ್ಟೂಲು ಇಟ್ಟ. ಅವಳು ಕುಸಿದು ಕೂತು, ಹಲ್ಲಿಗೆ ಕಚ್ಚಿಕೊಂಡಿದ್ದ ರಬ್ಬರ್ ಕವಚ ಉಗಿದಳು.

"ಇಷ್ಟು ಹೊತ್ತು ಏನ್ ಮಾಡ್ತಿದ್ರಿ ಮಾವ? ಕೈ ಎತ್ತಕ್ಕೇ ಆಗ್ತಿರಲಿಲ್ಲ ನನಗೆ."

ಅಷ್ಟರಲ್ಲಿ ಬೇಕರಿಯವಳೂ ಓಡಿಬಂದಳು. ಅವಳ ಕಣ್ಣು ತುಂಬಿತ್ತು.

"ಮೆಲ್ಲಗೇ ಹೊಡೀತಿದ್ದೆ ಸರ್. ಇನ್ನೂ ಎಷ್ಟು ಮೆಲ್ಲಗೆ ಹೊಡೀಬೇಕೋ ಗೊತ್ತಾಗ್ತಿರ್ಲಿಲ್ಲ."

ಒಳಕೋಣೆಯಲ್ಲಿ ಡಾಕ್ಟರು ಸೊಸೆಯ ಪಕ್ಕೆ ಒತ್ತಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಮೂಳೆಗೆ ಏನೂ ಆಗಿಲ್ಲ, ನಾಲ್ಕು ದಿನ ನೋವಿರುತ್ತದೆ ಅಷ್ಟೆ ಎಂದರು. ಹೋದ ಜೀವ ಬಂದಂತಾಗಿ ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಇನ್ನು ಬೈಗುಳದ ಮಳೆಯೇ ಎಂದುಕೊಂಡು ತಲೆ ತಗ್ಗಿಸಿದ.

"ಇನ್ಮೇಲೆ ಅವಳ ತೂಕದವರ ಜೊತೆ ಮಾತ್ರ," ಎಂದಳು ಅಕ್ಕ.

ಅವನು ಹೂಂ ಎಂದು ತಲೆಯಾಡಿಸಿದ. ಒಳಗೆ ಹುಡುಗಿಯರಿಬ್ಬರೂ ಒಬ್ಬರ ಕೈಪಟ್ಟಿಯನ್ನು ಇನ್ನೊಬ್ಬರು ಬಿಚ್ಚುತ್ತ, ಗಾತ್ರ ಲೆಕ್ಕಕ್ಕಿಲ್ಲ ಎಂಬ ಅವನ ಮಾತನ್ನು ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದರು. ಅವನು ಬೇಕೆಂದೇ ಒಳಗೆ ಹೋಗದೆ, ಕೇಳಿಸಿಕೊಳ್ಳುತ್ತ ಕೂತ.