ಡಿ ಸೆಕ್ಷನ್ನಿನ ನಲವತ್ತು ಜನ

ಬೆಳಗ್ಗೆ ಎದ್ದರೆ ನನ್ನ ಬಲಗೈ ಬೆರಳುಗಳು ಬಿಚ್ಚುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಹಿಡಿದೂ ಹಿಡಿದೂ ಹಾಗೇ ಮಡಚಿಕೊಂಡಿರುತ್ತವೆ. ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡು ಆಮೇಲೆ ಅಂಗಡಿ ಬಾಗಿಲು ತೆಗೆಯಬೇಕು. ಅಂಗಡಿ ಎಂದರೆ ದೊಡ್ಡದೇನಲ್ಲ, ಮೆಟ್ಟಿಲ ಕೆಳಗಿನ ಗೂಡು. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಆ ಗೂಡಿನಲ್ಲೇ, ಬಟ್ಟೆ ಗಂಟುಗಳ ನಡುವೆ ಕೂತು ನನ್ನ ತಂಗಿಯ ಮಗಳು ಓದಿದ್ದು. ತಂಗಿ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಅವರಿಗಿರುವುದು ಒಂದೇ ಕೋಣೆ. ಅದರಲ್ಲಿ ಅವಳ ಗಂಡ ಹಾಸಿಗೆ ಹಿಡಿದು ಕೆಮ್ಮುತ್ತಿರುತ್ತಾನೆ. ಅಲ್ಲಿ ಓದುವುದೆಲ್ಲಿಂದ ಬಂತು?

ಹುಡುಗಿಗೆ ನಾವೆಲ್ಲ ಚೂಟಿ ಅನ್ನುತ್ತೇವೆ. ಶಾಲೆಯಲ್ಲಿ ಪ್ರತಿ ವರ್ಷ ಅವಳೇ ಮೊದಲು. ಹನ್ನೆರಡನೇ ತರಗತಿ ಮುಗಿಸಿದ ಕೂಡಲೇ ಸರ್ಕಾರಿ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಫೀಸಿಲ್ಲ, ಊಟ ವಸತಿ ಅವರದೇ. "ಸದ್ಯ, ನನ್ ಮಗಳು ನೆಲ ಒರೆಸೋದು ತಪ್ತು" ಎಂದು ತಂಗಿ ಅತ್ತೇಬಿಟ್ಟಿದ್ದಳು.

ಆಗ ಬಂದರು ನೋಡಿ, ಆ ದೊಡ್ಡ ಖಾಸಗಿ ಕಾಲೇಜಿನ ಅಡ್ಮಿಷನ್ ಸರ್. ಗೂಡಿನೊಳಗೆ ಬಗ್ಗಿಕೊಂಡು ಬಂದು ಬಟ್ಟೆ ಗಂಟಿನ ಮೇಲೆಯೇ ಕೂತರು. ನಾನು ಕೊಟ್ಟ ಟೀ ಕುಡಿದರು.

"ಇಂಥ ಹುಡುಗೀನ ನರ್ಸ್ ಮಾಡ್ತೀರಾ? ಇವಳು ಇಂಜಿನಿಯರ್ ಆಗಬೇಕಾದವಳು. ಪೂರ್ತಿ ಸ್ಕಾಲರ್‌ಷಿಪ್ ಕೊಡ್ತೀವಿ. ನಾಲ್ಕೂ ವರ್ಷ ಫೀಸು ನಮ್ದು."

"ಪುಕ್ಕಟೆ ಯಾರು ಕೊಡ್ತಾರೆ ಸರ್? ಏನೋ ಒಂದು ಷರತ್ತು ಇರ್ಬೇಕಲ್ಲ?" ಅಂದೆ. ಮೂವತ್ತು ವರ್ಷದಿಂದ ಊರ ಬಟ್ಟೆಯ ಸುಕ್ಕು ತೆಗೆದವಳು ನಾನು, ಅಷ್ಟೂ ಕೇಳದಿದ್ದರೆ ಹೇಗೆ?

"ಇದೆಯಮ್ಮ, ಮುಚ್ಚಿಡೋದೇನು? ವರ್ಷವರ್ಷ ತನ್ನ ಸೆಕ್ಷನ್ನಲ್ಲಿ ಮೊದಲ ಹತ್ತು ಜನರೊಳಗೆ ಬರಬೇಕು. ನಲವತ್ತು ಜನರಲ್ಲಿ ಹತ್ತು. ಇವಳಿಗೆ ಅದೊಂದು ಲೆಕ್ಕಾನಾ?"

ಚೂಟಿ ನಕ್ಕಳು. ನಾವೂ ನಕ್ಕೆವು. ನರ್ಸಿಂಗ್ ಸೀಟು ಬೇಡವೆಂದು ಬರೆದುಕೊಟ್ಟು ಬಂದಳು.

ಅವಳನ್ನು ಡಿ ಸೆಕ್ಷನ್ನಿಗೆ ಹಾಕಿದರು. ಅಲ್ಲಿ ಅವಳಿಗೆ ಜೊತೆಯಾದವನು ಗೋಡೆಗೆ ಬಣ್ಣ ಬಳಿಯುವವನ ಮಗ. ತೆಳ್ಳಗಿದ್ದಾನೆಂದು ನಾನೇ ಅವನಿಗೆ ಕಡ್ಡಿ ಎಂದು ಹೆಸರಿಟ್ಟೆ. ಸಂಜೆ ಇಬ್ಬರೂ ಗೂಡಿಗೆ ಬಂದು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದರು. ನನ್ನ ಕೈ ಕಾಲರಿನ ಮೇಲೆ ಓಡುತ್ತಿದ್ದರೂ ಕಿವಿ ಅವರ ಕಡೆಗೇ ಇರುತ್ತಿತ್ತು. ಒಂದಕ್ಷರ ಅರ್ಥವಾಗದಿದ್ದರೂ ಹೊಟ್ಟೆ ತಂಪಾಗುತ್ತಿತ್ತು.

ಮೊದಲ ಟೆಸ್ಟಿನಲ್ಲಿ ಚೂಟಿ ಹದಿನಾರನೆಯವಳು. ಎರಡನೆಯದರಲ್ಲಿ ಹದಿಮೂರನೆಯವಳು.

"ಅಲ್ಲಿ ಊಟದ ಟೈಮಲ್ಲೂ ಯಾರೂ ತಲೆ ಎತ್ತಲ್ಲ ದೊಡ್ಡಮ್ಮ. ಎಲ್ಲರೂ ಜೀವ ಬಿಟ್ಟು ಓದ್ತಾರೆ."

"ದೊಡ್ಡ ಕಾಲೇಜು ಅಂದ್ಮೇಲೆ ಹಾಗೇನೇ. ನೀನೂ ಓದು" ಅಂದೆ.

ಓದಿದಳು. ಕಣ್ಣ ಕೆಳಗೆ ಕಪ್ಪಾಯಿತು, ಮಾತು ಕಮ್ಮಿಯಾಯಿತು. ಒಂದು ಸಂಜೆ ಕಡ್ಡಿ ಅವಳ ನೋಟ್ಸ್ ಕೇಳಿದ. "ಮನೇಲಿದೆ" ಅಂದಳು. ಪುಸ್ತಕ ಗಂಟಿನ ಹಿಂದೆಯೇ ಇತ್ತು. ಅವನು ಟೀ ತರಲು ಹೋದಾಗ ನಾನು ಗದರಿದೆ.

"ಏನೇ ಇದು, ಸುಳ್ಳು ಹೇಳೋದು ಯಾವಾಗ ಕಲ್ತೆ?"

"ಅವನಿಗೆ ಒಂದು ಮಾರ್ಕು ಜಾಸ್ತಿ ಬಂದ್ರೆ ನಂಗೆ ಜಾಗ ಇರಲ್ಲ ದೊಡ್ಡಮ್ಮ!"

ಕಡ್ಡಿ ಬಾಗಿಲಲ್ಲೇ ನಿಂತಿದ್ದ. ಟೀ ಲೋಟಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ.

ಆಮೇಲೆ ಬಸ್ ಮುಷ್ಕರ ಆಯಿತು. ಚೂಟಿ ಊರಾಚೆಯ ಕಾಲೇಜಿಗೆ ನಡೆದುಕೊಂಡೇ ಹೋದಳು. ತಲುಪಿದಾಗ ಎ, ಬಿ, ಸಿ ಸೆಕ್ಷನ್ನುಗಳಲ್ಲಿ ಪಾಠ ನಡೆದಿತ್ತಂತೆ, ಹೊರಗೆ ಸಾಲಾಗಿ ಸ್ಕೂಟರು, ಬೈಕು. ಡಿ ಸೆಕ್ಷನ್ ಮಾತ್ರ ಖಾಲಿ. ಮೇಷ್ಟ್ರು ಒಬ್ಬರೇ ಕೂತಿದ್ದರು. ಆಮೇಲೆ ಒಬ್ಬೊಬ್ಬರೇ ಬೆವರು ಒರೆಸಿಕೊಳ್ಳುತ್ತ ಬಂದರು. ಒಬ್ಬಳು ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಬಂದಳು.

"ಏನ್ರೋ, ನಿಮ್ಮಲ್ಲಿ ಒಬ್ಬರಿಗೂ ಗಾಡಿ ಇಲ್ವೇನ್ರೋ?" ಎಂದು ಮೇಷ್ಟ್ರು ತಮಾಷೆ ಮಾಡಿದರು. ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದುವರೆಗೆ ನಾಚಿಕೆಯಿಂದ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಅವತ್ತು ಚೂಟಿ ಪಕ್ಕದವಳನ್ನು ಕೇಳಿದಳು: "ನೀನೂ ಸ್ಕಾಲರ್‌ಷಿಪ್ಪಾ?" ಅವಳು ಹೌದೆಂದಳು. ಅವಳು ಹಿಂದಿನವನನ್ನು ಕೇಳಿದಳು. ಅವನೂ ಹೌದೆಂದ.

"ನಲವತ್ತೂ ಜನ ದೊಡ್ಡಮ್ಮ! ಎಲ್ಲರೂ ಅವರವರ ಶಾಲೇಲಿ ಫಸ್ಟ್ ಬಂದವರೇ. ಎಲ್ಲರಿಗೂ ಮೊದಲ ಹತ್ತು ಅಂತಾನೇ ಹೇಳಿದ್ದಾರೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮೈಯೆಲ್ಲ ಉರಿಯಿತು. ನಲವತ್ತು ಬಡ ಮಕ್ಕಳನ್ನು ಒಂದೇ ಕೋಣೆಗೆ ತುಂಬಿ, ಹತ್ತೇ ಜನಕ್ಕೆ ಬಾಗಿಲು ತೆರೆದಿದ್ದರು. ಎಷ್ಟೇ ಓದಲಿ, ಮೂವತ್ತು ಜನ ಬೀಳಲೇಬೇಕು. ಊರ ಗೋಡೆಗಳ ಮೇಲೆಲ್ಲ ಮಾತ್ರ 'ನಲವತ್ತು ಬಡ ಪ್ರತಿಭೆಗಳಿಗೆ ಉಚಿತ ಶಿಕ್ಷಣ' ಎಂದು ದೊಡ್ಡ ಅಕ್ಷರ. ಎಂಥಾ ಟೋಪಿ ಹಾಕಿದರು ನಮಗೆ!

ವರ್ಷದ ಪರೀಕ್ಷೆಯಲ್ಲಿ ಕಡ್ಡಿ ಒಂಬತ್ತನೆಯವನಾದ. ಚೂಟಿ ಹನ್ನೊಂದನೆಯವಳು. ಎ ಸೆಕ್ಷನ್ನಿನಲ್ಲಿ ಮೊದಲು ಬಂದವನಿಗೆ ಹಾರ ಹಾಕಿ ಫೋಟೋ ತೆಗೆದರು. ಅವನಿಗಿಂತ ಚೂಟಿಗೇ ಜಾಸ್ತಿ ಮಾರ್ಕು.

ನಾನು, ತಂಗಿ, ಚೂಟಿ ಮೂವರೂ ಅಡ್ಮಿಷನ್ ಸರ್ ಹತ್ತಿರ ಹೋದೆವು. ಅವರು ತಲೆಯೆತ್ತಿ "ನೀವು ಯಾರು?" ಅಂದರು. ನನ್ನ ಅಂಗಡಿಯಲ್ಲಿ ಟೀ ಕುಡಿದ ಮನುಷ್ಯ!

"ಎಲ್ಲಾ ಬಡವರನ್ನೂ ಒಂದೇ ಸೆಕ್ಷನ್ನಿಗೆ ಯಾಕ್ ಹಾಕಿದ್ರಿ ಸರ್?" ಅಂದೆ.

"ಅದು ಆಡಳಿತದ ವಿಷಯ. ನಿಮಗೆ ತಿಳಿಯಲ್ಲ."

"ನಮಗೆ ಮೊದಲೇ ಹೇಳ್ಬೇಕಿತ್ತಲ್ಲ?"

"ನೀವು ಕೇಳ್ಲಿಲ್ಲವಲ್ಲಮ್ಮ. ಪೂರ್ತಿ ಫೀಸು ಕಟ್ಟಿ ಮುಂದುವರಿಸಲಿ, ಬ್ಯಾಂಕಿನವರು ಸಾಲ ಕೊಡ್ತಾರೆ. ಇಲ್ಲಾಂದ್ರೆ ಬಿಡಲಿ."

ತಂಗಿ ಅವರ ಕಾಲು ಹಿಡಿಯಲು ಬಗ್ಗಿದಳು. ಚೂಟಿ ರಟ್ಟೆ ಹಿಡಿದು ಎಬ್ಬಿಸಿದಳು. ಅಲ್ಲಿಂದ ನರ್ಸಿಂಗ್ ಶಾಲೆಗೆ ಹೋದೆವು. ಒಮ್ಮೆ ಬೇಡವೆಂದವರಿಗೆ ಮತ್ತೆ ಕೊಡುವುದಿಲ್ಲ ಎಂದರು. ಚೂಟಿಯ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಹೊಸ ಮಕ್ಕಳ ಸ್ಕಾಲರ್‌ಷಿಪ್ ಸಹಿಯ ದಿನ ನಾನು ಅಂಗಡಿ ಮುಚ್ಚಿ ಅವಳ ಜೊತೆ ಹೋದೆ. ಡಿ ಸೆಕ್ಷನ್ನಿನ ಬಿದ್ದ ಮಕ್ಕಳು ಏಳೆಂಟು ಜನ ಬಂದಿದ್ದರು. ಕಚೇರಿಯ ಹೊರಗೆ ತಂದೆತಾಯಂದಿರ ಸಾಲು. ಚೂಟಿ ಒಬ್ಬೊಬ್ಬರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಕಾವಲುಗಾರ ಗದರಿದ. ಸಾಲಿನಲ್ಲಿದ್ದ ಒಬ್ಬಾತ ನಕ್ಕ.

"ಸರಿಯಾಗಿ ಓದದೆ ಕಳ್ಕೊಂಡಿದ್ದೀರಿ. ಈಗ ನಮ್ಮ ಮಕ್ಕಳ ಮೇಲೆ ಹೊಟ್ಟೆಕಿಚ್ಚು."

ಆಗ ಹಿಂದಿನಿಂದ ಒಂದು ದನಿ ಬಂತು.

"ನಾನು ಕಳ್ಕೊಂಡಿಲ್ಲ. ನಂಗೆ ಈ ವರ್ಷಾನೂ ಸಿಕ್ಕಿದೆ. ಆದ್ರೂ ಹೇಳ್ತಿದ್ದೀನಿ, ಅವಳು ಹೇಳೋದು ನಿಜ."

ಕಡ್ಡಿ! ಕಾವಲುಗಾರ ಅವನ ಗುರುತಿನ ಚೀಟಿ ಹಿಡಿದೆಳೆದು ಹೆಸರು ಓದಿಕೊಂಡ. ಹುಡುಗ ಕದಲಲಿಲ್ಲ. ಚೂಟಿ ಆಗ ಅತ್ತಳು, ಎಲ್ಲರೆದುರೂ, ಬಿಕ್ಕಿ ಬಿಕ್ಕಿ.

ಒಳಗೆ ಅಡ್ಮಿಷನ್ ಸರ್ ಮೇಜಿನ ಮುಂದೆ ಒಬ್ಬ ತಾಯಿ ಕೂತಿದ್ದಳು. ಕೈಯಲ್ಲಿ ಸಿಮೆಂಟು ಕಚ್ಚಿದ ಬಿರುಕು. ಬಾಗಿಲು ತೆರೆದೇ ಇತ್ತು, ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಅವಳು ಪೆನ್ನು ಕೆಳಗಿಟ್ಟಳು.

"ನನ್ ಮಗನ್ನ ಯಾವ ಸೆಕ್ಷನ್ನಿಗೆ ಹಾಕ್ತೀರಿ ಸರ್?"

"ಅದೆಲ್ಲ ಆಮೇಲೆ. ಮೊದಲು ಸಹಿ ಹಾಕಿ."

"ಮೊದಲು ಸೆಕ್ಷನ್ ಹೇಳಿ."

"ಸಾಲು ದೊಡ್ಡದಿದೆ, ಏಳಮ್ಮ. ಮುಂದಿನವರು ಬನ್ನಿ."

ಅವಳು ಏಳಲಿಲ್ಲ. ಮುಂದಿನವನು ಒಳಗೆ ಹೋದ. ನಮ್ಮನ್ನು ನೋಡಿ ನಕ್ಕವನೇ ಅವನು. ಕುರ್ಚಿ ಖಾಲಿಯಿಲ್ಲದ್ದಕ್ಕೆ ಅವಳ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದ: "ನನ್ ಮಗಳದ್ದು ಯಾವ ಸೆಕ್ಷನ್ನು?"

ಮಧ್ಯಾಹ್ನದವರೆಗೆ ಯಾರೂ ಸಹಿ ಹಾಕಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ.